ಪೆನ್ಸಿಲ್ ಮಾವನ ಮಗಳ ಮುಖ

ಪೆನ್ಸಿಲ್ ಮಾವ ಎಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕೂತು, ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ ಜನರ ಮುಖದ ಕಲೆ ಮರೆಸುವುದೇ ಅವನ ಕೆಲಸ. ಮೊಡವೆ, ಗಾಯದ ಗುರುತು, ಕಣ್ಣಡಿಯ ಕಪ್ಪು, ಎಲ್ಲ ಮಂಗಮಾಯ. "ಮಾವಾ, ನನ್ನ ಹೊಟ್ಟೇನೂ ಸ್ವಲ್ಪ ತಿದ್ದಿಬಿಡಿ" ಎಂದು ಗಿರಾಕಿಗಳು ಕಾಲೆಳೆದರೆ, "ಅದಕ್ಕೆ ಪೆನ್ಸಿಲ್ ಸಾಲಲ್ಲಪ್ಪ, ಸುಣ್ಣದ ಬ್ರಷ್ಷೇ ಬೇಕು" ಎನ್ನುತ್ತಿದ್ದ.

ಇಂಥವನಿಗೆ ಹುಟ್ಟಿದ ಒಬ್ಬಳೇ ಮಗಳಿಗೆ ಎಡಗೆನ್ನೆಯಿಂದ ಹಣೆಯವರೆಗೆ ದಾಳಿಂಬೆ ಬಣ್ಣದ ಮಚ್ಚೆ. ಬೆನ್ನು, ಭುಜದ ತುಂಬ ನೀಲಿ ಕಲೆಗಳು. ರಕ್ತನಾಳದ ಮಚ್ಚೆ, ಚರ್ಮದ ಬಣ್ಣದ ಕಲೆ ಎರಡೂ ಒಟ್ಟಿಗೆ ಬರುವುದು ತೀರ ಅಪರೂಪ, ಯಾರ ತಪ್ಪೂ ಅಲ್ಲ, ಮಿದುಳಿಗೂ ತಾಗಿದ್ದರೆ ಫಿಟ್ಸ್ ಬರಬಹುದು ಎಂದರು ಡಾಕ್ಟರು. ಜನಕ್ಕೆ ಇದೆಲ್ಲ ಎಲ್ಲಿ ತಿಳಿಯಬೇಕು? ಬಸ್ಸಿನಲ್ಲಿ "ಅಯ್ಯೋ, ಸುಟ್ಟುಕೊಂಡಿತಾ ಮಗು?" ಎಂದು ಕೇಳುವವರು ಒಬ್ಬರೇ ಇಬ್ಬರೇ! ಶಾಲೆಯ ಟೀಚರಂತೂ ಬೆನ್ನಿನ ನೀಲಿ ನೋಡಿ ಅಪ್ಪನನ್ನು ಕರೆಸಿ, "ಮನೇಲಿ ಮಗೂಗೆ ಹೊಡೀತೀರಾ?" ಅಂದುಬಿಟ್ಟರು. ಮಗಳನ್ನು ಗದರಿಸಿಯೂ ಗೊತ್ತಿಲ್ಲದ ಮನುಷ್ಯ ಅವತ್ತು ಅನ್ನ ಮುಟ್ಟಲಿಲ್ಲ.

ಅವನ ಕೈಯಲ್ಲಿದ್ದದ್ದು ಪೆನ್ಸಿಲ್ ಒಂದೇ. ವರ್ಷ ವರ್ಷ ಮಗಳ ಫೋಟೋ ತೆಗೆದ, ಪ್ರತಿ ಸಲವೂ ನೆಗೆಟಿವ್ ಮೇಲೆ ಸಣ್ಣಗೆ ಗೀಚಿ ಮಚ್ಚೆ ಅಳಿಸಿದ. ಪ್ರೀತಿಯಿಂದಲೇ ಅಳಿಸಿದ, ಅದರಲ್ಲಿ ಎರಡು ಮಾತಿಲ್ಲ. ಮೊದಲ ಸಲ ತನ್ನ ಫೋಟೋ ನೋಡಿದ ಮಗಳು ಹುಬ್ಬು ಗಂಟಿಕ್ಕಿದಳು.

"ಅಪ್ಪಾ, ಇವಳ್ಯಾರು?"

"ನೀನೇ ಕಣೇ ಪುಟ್ಟಿ!"

"ಅಲ್ಲಪ್ಪ. ನಂಗೆ ಮಚ್ಚೆ ಇದ್ಯಲ್ಲ?"

ಅವನು ನಕ್ಕ, ಅವಳು ನಗಲಿಲ್ಲ. ದೊಡ್ಡವಳಾದ ಮೇಲೆ ಫೋಟೋ ಕೊಟ್ಟರೆ, "ಚೆನ್ನಾಗಿದ್ದಾಳೆ ಬಿಡು" ಎಂದು ನೋಡಿದಷ್ಟೇ ಬೇಗ ವಾಪಸ್ ಕೊಡುತ್ತಿದ್ದಳು. ತಮಾಷೆ ಮಾಡುತ್ತಾಳೆ ಅಂದುಕೊಂಡ ಪುಣ್ಯಾತ್ಮ.

ಆಗೊಮ್ಮೆ ಈಗೊಮ್ಮೆ ಬರುತ್ತಿದ್ದ ಫಿಟ್ಸ್ ಕಾಲೇಜು ಸೇರಿದ ವರ್ಷ ಹೆಚ್ಚಾಯಿತು. ಒಂದು ಮಧ್ಯಾಹ್ನ ಬಂದದ್ದು ನಿಲ್ಲಲೇ ಇಲ್ಲ. ಮಗಳು ಹೋಗಿಬಿಟ್ಟಳು.

ಗೋಡೆಗೆ ಹಾಕಲೆಂದು ಇದ್ದುದರಲ್ಲೇ ಚೆಂದದ ಫೋಟೋ ದೊಡ್ಡದು ಮಾಡಿ ತಂದ. ಹೆಂಡತಿ ನೋಡಿ ಮಗುಚಿ ಇಟ್ಟಳು.

"ಇದು ಬೇಡ ರೀ."

"ಯಾಕೇ? ಇದಕ್ಕಿಂತ ಚೆನ್ನಾಗಿರೋದು ಇಲ್ಲ ಕಣೇ."

"ದಿನಾ ಆ ಕೆನ್ನೆ ತೊಳ್ದು, ಎಣ್ಣೆ ಹಚ್ಚಿ ಬೆಳೆಸಿದೋಳು ನಾನು. ಇವಳನ್ನ ನಾನು ಹೆತ್ತಿಲ್ಲ. ನನ್ನ ಮಗಳಿರೋ ಫೋಟೋ ಒಂದೇ ಒಂದು ಕೊಡಿ, ಸಾಕು."

ಮನೆಯೆಲ್ಲ ಜಾಲಾಡಿದ. ಒಂದೂ ಇಲ್ಲ! ಮಗಳ ಮುಖವನ್ನು ತಾನೇ ಕೈಯಾರೆ ಇಲ್ಲವಾಗಿಸಿದ್ದ.

ನೆಗೆಟಿವ್ ಮೇಲಿನ ಗೆರೆ ಅಳಿಸಿದರೆ ಅಡಿಯಲ್ಲಿ ಮಚ್ಚೆ ಇದ್ದೇ ಇರಬೇಕಲ್ಲ ಎಂದು ಮಾರನೆಯ ಬೆಳಿಗ್ಗೆ ಇಬ್ಬರೂ ಸ್ಟುಡಿಯೋಕ್ಕೆ ಹೋದರು. ಹಳೆಯ ನೆಗೆಟಿವ್‌ಗಳ ಮೇಲೆ, ಗೆರೆ ಮಾಸದಿರಲೆಂದು, ಅವನೇ ವಾರ್ನಿಷ್ ಬಳಿದಿದ್ದ. ಏನು ಮಾಡಿದರೂ ಪೆನ್ಸಿಲ್ ಗುರುತು ಜಪ್ಪಯ್ಯ ಅನ್ನಲಿಲ್ಲ. ವಾರ್ನಿಷ್ ಕಾಣದೆ ಉಳಿದಿದ್ದದ್ದು ಆ ವರ್ಷ ತೆಗೆದದ್ದೊಂದೇ. ಟರ್ಪೆಂಟೈನಿನಲ್ಲಿ ಹತ್ತಿ ಅದ್ದಿ ಒರೆಸತೊಡಗಿದ. ಅರ್ಧಕ್ಕೆ ನಿಲ್ಲಿಸಿ ಹೆಂಡತಿಯತ್ತ ತಿರುಗಿದ.

"ಗೀರು ಬಿದ್ರೆ ಮುಗೀತು ಕಣೇ, ಇನ್ನೊಂದಿಲ್ಲ."

"ಅವಳ ಮುಖ ಒರೆಸ್ತಿದೀನಿ ಅಂದ್ಕೊಳ್ಳಿ," ಎಂದಳು ಹೆಂಡತಿ.

ಗೆರೆಗಳು ಕರಗಿದವು. ಕತ್ತಲೆ ಕೋಣೆಯ ಕೆಂಪು ದೀಪದಡಿ, ಟ್ರೇಯ ದ್ರಾವಣದೊಳಗೆ ಬಿಳಿ ಹಾಳೆ ಮುಳುಗಿಸಿದ. ಫೋಟೋ ಮೂಡುವಾಗ ಗಾಢವಾದದ್ದೇ ಮುಂಚೆ ಕಾಣುವುದು. ಮೊದಲು ಕೂದಲು ಬಂತು. ಆಮೇಲೆ, ಕಣ್ಣು ಮೂಗಿಗಿಂತ ಮುಂಚೆ, ಮಚ್ಚೆ ಬಂತು. ಅದರ ಹಿಂದೆ ನಿಧಾನವಾಗಿ ಮಗಳು ಬಂದಳು.

"ಬಂದ್ಲು ರೀ," ಎಂದು ಹೆಂಡತಿ ಅವನ ತೋಳು ಹಿಡಿದುಕೊಂಡಳು.

ಅವನು ಬಿಕ್ಕಿ ಬಿಕ್ಕಿ ಅತ್ತ. "ಚೆನ್ನಾಗಿದ್ದೀಯ ಕಣೇ ಪುಟ್ಟಿ" ಎಂದ. ಆ ಮಚ್ಚೆಯನ್ನು ನೋಡುತ್ತಾ ಅವನು ಈ ಮಾತು ಆಡಿದ್ದು ಅದೇ ಮೊದಲು. ಕೇಳಿಸಿಕೊಳ್ಳಲು ಮಗಳಿರಲಿಲ್ಲ.