ಸಾವನದುರ್ಗಕ್ಕೆ ಸಾವಕಾಶ

ಬೆಂಗಳೂರಿನಲ್ಲಿ ನನಗೆ ಬಾಡಿಗೆ ಮನೆ ಕೊಟ್ಟ ಹೆಣ್ಣುಮಗಳು ಬೀಗದ ಕೈ ಕೊಡುವ ಮೊದಲು ಕೇಳಿದ್ದು ನನ್ನ ಪಾದದ ಅಳತೆ. ಜಾತಿ ಕೇಳಬಹುದು, ಗಂಡ ಯಾಕೆ ಜೊತೆಗೆ ಬಂದಿಲ್ಲ ಎಂದು ಕೆದಕಬಹುದು ಅಂತ ವಿಜಯಪುರದಿಂದ ಬರುವಾಗ ಬಸ್ಸಿನಲ್ಲೇ ಉತ್ತರಗಳನ್ನು ಜೋಡಿಸಿಕೊಂಡಿದ್ದೆ. ಈ ಪ್ರಶ್ನೆಗೆ ಮಾತ್ರ ಉತ್ತರ ಇರಲಿಲ್ಲ. ಆರು ಇರಬಹುದು ಎಂದೆ. ಮಾಲಕಿ ಜಯಮ್ಮ ಒಳಗೆ ಹೋಗಿ ಒಂದು ಜೋಡಿ ಬೂಟು ತಂದು ಮೆಟ್ಟಿಲ ಮೇಲಿಟ್ಟರು. ಸೊಸೆಗೆ ತಂದದ್ದು, ಅವಳು ಒಂದು ದಿನವೂ ಹಾಕಲಿಲ್ಲ, ನಾಳೆ ಬೆಳಿಗ್ಗೆ ಆರಕ್ಕೆ ಕೆರೆ ಹತ್ತಿರ ವಾಕಿಂಗ್‌ಗೆ ಬನ್ನಿ ಎಂದರು. ಅರವತ್ತೊಂದು ವರ್ಷದ ಅವರ ಕಾಲಿನಲ್ಲೂ ಹತ್ತಿ ಸೀರೆಯ ಅಂಚಿನ ಕೆಳಗೆ ಅಂಥದೇ ಬೂಟು.

ನಮ್ಮ ಕಡೆ ನನ್ನ ವಯಸ್ಸಿನ ಹೆಂಗಸು ಬೂಟು ಹಾಕಿಕೊಂಡು ಹೊರಬಿದ್ದರೆ ಪೊಲೀಸ್ ಇಲಾಖೆಯವಳೇ ಇರಬೇಕು ಎನ್ನುತ್ತಾರೆ. ನನಗಾಗ ನಲವತ್ತೆಂಟು. ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಗುಮಾಸ್ತೆಯಾಗಿದ್ದು, ಮೂರನೆಯ ಯತ್ನಕ್ಕೆ ಅಧಿಕಾರಿಯ ಪರೀಕ್ಷೆ ಪಾಸಾದೆ. ಬಡ್ತಿಯ ಜೊತೆಗೇ ಜಯನಗರದ ಶಾಖೆಗೆ ವರ್ಗವಾಯಿತು. ಗಂಡನಿಗೆ ಊರಲ್ಲಿ ನೋಟುಬುಕ್ಕು, ಪೆನ್ನುಗಳ ಅಂಗಡಿ, ಬಿಟ್ಟು ಬರುವಂತಿಲ್ಲ. ಮಗಳು ಧಾರವಾಡದ ಹಾಸ್ಟೆಲಿನಲ್ಲಿ. ಹೀಗೆ, ತುಂಬಿದ ಮನೆಯಲ್ಲೇ ಬದುಕಿದ್ದ ನಾನು ಪುಟ್ಟೇನಹಳ್ಳಿಯ ಮೂರನೆಯ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆಗೆ ಒಬ್ಬಳೇ ಯಜಮಾನಿಯಾದೆ.

ಇದೂ ಕನ್ನಡದ ಊರೇ. ಆದರೂ ಮೊದಲ ತಿಂಗಳು ಪರದೇಶದಲ್ಲಿದ್ದ ಹಾಗಿತ್ತು. ಬೆಳಿಗ್ಗೆ ಎದುರಾದವರೆಲ್ಲ ‘ತಿಂಡಿ ಆಯ್ತಾ’ ಎನ್ನುತ್ತಾರೆ. ನಮ್ಮಲ್ಲಿ ನಾಷ್ಟಾ ಅನ್ನುವುದಕ್ಕೆ ಇಲ್ಲಿ ತಿಂಡಿ. ನಮ್ಮಲ್ಲಿ ತಿಂಡಿ ಎಂದರೆ ತುರಿಕೆ, ತಿಂಡಿ ಐತೇನು ಎಂದರೆ ಜಗಳಕ್ಕೆ ಕರೆದಂತೆ. ಶಾಖೆಯಲ್ಲಿ ನಾನು ‘ಹೊಂಟೀನಿ’ ಎಂದರೆ ಹುಡುಗಿಯರು ಇನ್ನೊಮ್ಮೆ ಹೇಳಿ ಮೇಡಂ ಎಂದು ನಗುತ್ತಿದ್ದರು. ಕುಹಕವಿರಲಿಲ್ಲ, ಆದರೆ ದಿನಕ್ಕೆ ಹತ್ತು ಸಲ ನಗಿಸಿದರೆ ಬಾಯಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಹೋಟೆಲಿನ ಸಾಂಬಾರಿನಲ್ಲಿ ಬೆಲ್ಲ. ಜೋಳದ ಹಿಟ್ಟಿಗಾಗಿ ಎರಡು ಬಸ್ಸು ಬದಲಿಸಿ ಹೋಗಬೇಕಿತ್ತು. ಜಯಮ್ಮನ ಮನೆಯ ಬಸ್ಸಾರು ಮಾತ್ರ ಬೇಗ ಹಿಡಿಸಿತು. ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿಗೆ ಮಸಾಲೆ ಅರೆದು ಕೂಡಿಸುವ ಸಾರು ಅದು. ಬಸಿದು ಉಳಿದ ಸೊಪ್ಪು ಪಲ್ಯವಾಗುತ್ತದೆ.

ಹೆಚ್ಚು ಕಾಡಿದ್ದು ಆಕಾಶ. ನಮ್ಮೂರಲ್ಲಿ ಯಾವ ದಿಕ್ಕಿಗೆ ನಿಂತರೂ ಆಕಾಶ ಹೊಲದ ಅಂಚಿನವರೆಗೆ ಇಳಿದಿರುತ್ತದೆ. ಇಲ್ಲಿ ಕಟ್ಟಡಗಳ ನಡುವೆ ಅದರ ತುಂಡುಗಳಷ್ಟೇ ಸಿಗುತ್ತವೆ. ಭಾನುವಾರ ಬಂದರೆ ಬಟ್ಟೆ ಒಗೆದು, ಒಣಹಾಕಿ, ಕಿಟಕಿಯಲ್ಲಿ ಕಾಣುವ ಆ ತುಂಡನ್ನು ನೋಡುತ್ತ ಕೂರುತ್ತಿದ್ದೆ.

ಆಗಸ್ಟಿನಲ್ಲಿ ಸಹೋದ್ಯೋಗಿಯೊಬ್ಬಳು ಒಂದು ಚಾರಣದ ತಂಡದ ವಿಷಯ ಹೇಳಿದಳು. ಹೆಸರು ಕೊಟ್ಟೆ. ವ್ಯಾನಿನಲ್ಲಿದ್ದವರೆಲ್ಲ ಇಪ್ಪತ್ತರ ಆಸುಪಾಸಿನವರು. ಊರಾಚೆಯ ಒಂದು ಬೆಟ್ಟದ ಕಾಲುಭಾಗ ಏರುವಷ್ಟರಲ್ಲಿ ಅವರು ನನಗಿಂತ ನಾಲ್ಕು ತಿರುವು ಮುಂದಿದ್ದರು. ತಂಡದ ಮುಂದಾಳು ಇಳಿದು ಬಂದು, ತುಂಬ ಮರ್ಯಾದೆಯಿಂದಲೇ ಹೇಳಿದ: “ಆಂಟಿ, ನೀವು ಇಲ್ಲೇ ಕೂತಿರಿ. ವಾಪಸ್ ಬರ್ತಾ ಕರ್ಕೊಂಡ್ ಹೋಗ್ತೀವಿ.”

ಎರಡೂವರೆ ತಾಸು ಒಂದು ಆಲದ ಮರದ ಕೆಳಗೆ ಕೂತಿದ್ದೆ. ದಣಿವಾಗಿರಲಿಲ್ಲ. ಉಸಿರು ಸರಿಯಾಗಿತ್ತು, ಕಾಲು ಗಟ್ಟಿಯಾಗಿದ್ದವು. ನನ್ನ ನಡಿಗೆ ನಿಧಾನ, ಅಷ್ಟೆ. ಇಷ್ಟನ್ನು ಆ ಹುಡುಗನಿಗೆ ಬಾಯಿಬಿಟ್ಟು ಹೇಳಲಾಗಲಿಲ್ಲವಲ್ಲ ಎಂಬುದೇ ಮೈ ಉರಿಸಿತು. ಇಳಿಯುವಾಗ ಅವರಷ್ಟೇ ಬಿರುಸಾಗಿ ಇಳಿಯಲು ಹೋಗಿ ಕಾಲು ಉಳುಕಿಸಿಕೊಂಡೆ.

ಮನೆಗೆ ಬಂದು ಗಂಡನಿಗೆ ಫೋನ್ ಮಾಡಿದೆ. ಅವರು ಪ್ರೀತಿಯಿಂದಲೇ ಅಂದರು: “ಸಾಕ ಬಿಡು. ಬಡ್ತಿ ಬ್ಯಾಡ ಅಂತ ಬರದು ಕೊಟ್ಟು ಮನಿಗಿ ಬಾ. ಯಾರೂ ಏನೂ ಅನ್ನಂಗಿಲ್ಲ.” ನಮ್ಮ ಬ್ಯಾಂಕಿನಲ್ಲಿ ಹಾಗೆ ಬರೆದುಕೊಟ್ಟರೆ ಹಳೆಯ ಹುದ್ದೆಗೆ, ಹಳೆಯ ಊರಿಗೆ ಮರಳಲು ಅವಕಾಶವಿತ್ತು. ನವೆಂಬರ್ ಕೊನೆಯವರೆಗೆ ಗಡುವು. ಅಂದೇ ಅರ್ಜಿ ಬರೆದು ಕಂಪ್ಯೂಟರಿನಲ್ಲಿ ಉಳಿಸಿಟ್ಟೆ.

ಮರುದಿನ ಮೆಟ್ಟಿಲಲ್ಲಿ ಕುಂಟುತ್ತಿದ್ದವಳನ್ನು ಜಯಮ್ಮ ನಿಲ್ಲಿಸಿದರು. ಎಲ್ಲ ಹೇಳಿದೆ. ಕೇಳಿ, “ಬೆಟ್ಟ ಅವರಪ್ಪಂದಾ? ನಾವೇ ಹೋಗಣ ಬನ್ನಿ” ಎಂದರು. ಆಮೇಲೆ ತಮ್ಮ ಕಥೆ ತೆಗೆದರು. ನಾನು ಬಾಡಿಗೆಗಿರುವ ಈ ಬೀದಿ ಒಂದು ಕಾಲಕ್ಕೆ ಅವರ ರಾಗಿ ಹೊಲ. ಮದುವೆಯಾಗಿ ಬಂದ ಹೊಸದರಲ್ಲಿ ಹುಲ್ಲಿನ ಹೊರೆ ಹೊತ್ತು ಹುಳಿಮಾವು ಹಳ್ಳಿಯವರೆಗೂ ನಡೆಯುತ್ತಿದ್ದರಂತೆ. ಹೊಲ ಹೋಗಿ ಕಟ್ಟಡ ಬಂದ ಮೇಲೆ ಮಕ್ಕಳು ಕಾರಿಲ್ಲದೆ ಕಳಿಸುವುದೇ ಇಲ್ಲ. ಕೆರೆಯೊಂದೇ ಗತಿ. “ಈ ಕಾಲ್ಗಳ್ನ ಕಾರಲ್ಲಿ ಕೂರ್ಸಿ ಕೂರ್ಸಿ ತುಕ್ಕು ಹಿಡಿಸವ್ರೆ” ಎಂದರು.

ಮೂರನೆಯವರು ವತ್ಸಲಾ ಟೀಚರ್. ಜಯನಗರದಲ್ಲೇ ಹುಟ್ಟಿ ಬೆಳೆದು, ಅಲ್ಲೇ ಗಣಿತ ಕಲಿಸಿ ನಿವೃತ್ತರಾದವರು. ನಮ್ಮ ಶಾಖೆಗೆ ಪಾಸ್‌ಬುಕ್ ಹಿಡಿದು ಬಂದಾಗ ನನ್ನ ಕುಂಟು ನಡಿಗೆ ಕಂಡು ವಿಚಾರಿಸಿದರು. ಅರವತ್ತಾರು ವರ್ಷದಲ್ಲಿ ತಾವು ಹತ್ತಿದ ಅತಿ ಎತ್ತರದ ಜಾಗ ಲಾಲ್‌ಬಾಗ್ ಬಂಡೆ, ಅದೂ ಯಜಮಾನರ ಕೈ ಹಿಡಿದುಕೊಂಡು ಎಂದರು. ಯಜಮಾನರು ಹೋಗಿ ಎರಡು ವರ್ಷವಾಗಿತ್ತು. ಮುಂದಿನ ಭಾನುವಾರ ಆಟೋ ಹಿಡಿದು ಪುಟ್ಟೇನಹಳ್ಳಿ ಕೆರೆಗೆ ಬಂದೇಬಿಟ್ಟರು.

ನಾವು ಮಾಡಿಕೊಂಡ ನಿಯಮ ಒಂದೇ. ಎಲ್ಲರಿಗಿಂತ ನಿಧಾನದವರು ಮುಂದೆ, ಉಳಿದವರು ಹಿಂದೆ. ಹೆಚ್ಚಿನ ದಿನ ವತ್ಸಲಾ ಮುಂದಿರುತ್ತಿದ್ದರು. ಅವರು ಗಾಬರಿಯಲ್ಲಿ ಹೆಜ್ಜೆ ಎತ್ತಿದಾಗೆಲ್ಲ ನಾನು ಹಿಂದಿನಿಂದ ‘ಸಾವಕಾಶ, ಸಾವಕಾಶ’ ಎನ್ನುತ್ತಿದ್ದೆ. ನಮ್ಮ ಕಡೆ ಅದು ದಿನವೂ ಆಡುವ ಮಾತು. ನಿಧಾನವಾಗಿ, ಅವಸರವಿಲ್ಲ, ನಿನಗೆ ಬೇಕಾದಷ್ಟು ಹೊತ್ತು ತಗೋ ಎಂಬುದೆಲ್ಲ ಅದರೊಳಗಿದೆ. ಇಲ್ಲಿ ‘ಮೆಲ್ಲಗೆ’ ಎನ್ನುತ್ತಾರೆ. ಜಯಮ್ಮನಿಗೆ ನನ್ನ ಪದವೇ ಹಿಡಿಸಿತು. ರಸ್ತೆ ದಾಟುವಾಗ, ಬಿಸಿ ಕಾಫಿ ಕುಡಿಯುವಾಗ ಎಲ್ಲ ಸಾವಕಾಶ ಎನ್ನತೊಡಗಿದರು. ನನ್ನ ಬಾಯಿಯ ಮಾತಿಗೆ ಈ ಊರಲ್ಲಿ ಮೊದಲ ಸಲ ಯಾರೂ ನಗಲಿಲ್ಲ.

ಎರಡು ತಿಂಗಳು ಕೆರೆ ಸುತ್ತಿದೆವು. ಆಮೇಲೆ ಬನಶಂಕರಿಯಾಚೆ ತುರಹಳ್ಳಿಯ ಕುರುಚಲು ಕಾಡಿನ ಬಂಡೆಗಳ ಮೇಲೆ ಹತ್ತಿ ಇಳಿದು ರೂಢಿ ಮಾಡಿಕೊಂಡೆವು. ನವೆಂಬರಿನ ಕೊನೆಯ ಶನಿವಾರ ಶಾಖೆಗೆ ರಜೆ. ಬೆಟ್ಟ ಹತ್ತಲು ಬೇಕಾದ ಟಿಕೆಟ್ ಮೊದಲೇ ಮಾಡಿಸಿ ಸಾವನದುರ್ಗಕ್ಕೆ ಹೊರಟೆವು. ಮಾಗಡಿ ಕಡೆಯ ಆ ಬೆಟ್ಟ ಒಂದೇ ಕಲ್ಲಿನ ಗುಡ್ಡೆಯಂತೆ ನಿಂತಿದೆ. ಹಲವು ಕಡೆ ಮೆಟ್ಟಿಲಿಲ್ಲ, ಬಂಡೆಯ ಮೇಲೆ ಬಳಿದ ಬಾಣದ ಗುರುತುಗಳೇ ದಾರಿ.

ಅರ್ಧಕ್ಕಿಂತ ಹೆಚ್ಚು ಏರಿದ್ದೆವು. ಬಂಡೆ ಕಡಿದಾಗುವ ಒಂದು ಕಡೆ ವತ್ಸಲಾ ನಿಂತರು. ಎರಡೂ ಅಂಗೈ ಬಂಡೆಗೆ ಒತ್ತಿಕೊಂಡರು, ಮುಂದಿನ ಹೆಜ್ಜೆ ಎತ್ತಲಿಲ್ಲ. ಮೇಲಿನ ಕೋಟೆಗೋಡೆ ಅಲ್ಲೇ ಕಾಣುತ್ತಿತ್ತು. ಹತ್ತಿಬಿಡಬೇಕು ಎಂದು ನನ್ನ ಒಳಗೆಲ್ಲ ಕುದಿಯುತ್ತಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಅವರು ನನ್ನ ಮುಖ ನೋಡಿ, “ನೀವಿಬ್ಬರೂ ಹೋಗ್ಬನ್ನಿ ಶಶಿಕಲಾ, ನಾನು ಇಲ್ಲೇ ಕೂತಿರ್ತೀನಿ” ಎಂದರು.

ಆಲದ ಮರದ ಕೆಳಗಿನ ಎರಡೂವರೆ ತಾಸು ನೆನಪಾಯಿತು. ನಾನು ಅಲ್ಲೇ ಬಂಡೆಯ ಮೇಲೆ ಕೂತೆ. “ಇವತ್ತಿನ ಗುಡ್ಡ ಇಷ್ಟ ಐತ್ರಿ ಟೀಚರ್” ಎಂದೆ.

ಜಯಮ್ಮ ಆಗಲೇ ನಾನು ಕಟ್ಟಿ ತಂದ ಡಬ್ಬಿಯ ಮುಚ್ಚಳ ತೆಗೆದಿದ್ದರು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ವತ್ಸಲಾ ಮೊದಲ ತುತ್ತು ಇಟ್ಟುಕೊಂಡು ಅತ್ತರು, ಆಮೇಲೆ ಎರಡನೆಯ ರೊಟ್ಟಿ ಕೇಳಿದರು. ಕೆಳಗೆ ಕಾಡು, ಅದರಾಚೆ ಊರುಗಳು. ಬೆಂಗಳೂರಿಗೆ ಬಂದ ಮೇಲೆ ಅಂದೇ ಮೊದಲ ಬಾರಿಗೆ ಇಡೀ ಆಕಾಶ ನೋಡಿದೆ. ಅರ್ಜಿಯ ಗಡುವು ಎರಡು ದಿನ ಕಳೆದು ಸೋಮವಾರಕ್ಕೆ ಮುಗಿಯುತ್ತಿತ್ತು. ಅದು ನನಗೆ ಹೊಳೆದದ್ದು ಮಂಗಳವಾರ ಮಧ್ಯಾಹ್ನ. ಗಂಡನಿಗೆ ಹೇಳಿದಾಗ ಅವರು, ಊಟ ಆಯ್ತೇನು ಎಂದರು.

ಫೆಬ್ರುವರಿಯಲ್ಲಿ ಮತ್ತೆ ಹೋದೆವು. ಈ ಸಲ ಏಳು ಜನ. ತಾವು ಹತ್ತುವುದು ಹಿಂದಿನ ಸಲ ಕೂತ ಬಂಡೆಯವರೆಗೆ ಮಾತ್ರ ಎಂದು ವತ್ಸಲಾ ಮನೆಯಲ್ಲೇ ತೀರ್ಮಾನಿಸಿ ಪದಬಂಧದ ಪುಸ್ತಕ ತಂದಿದ್ದರು. ಮಂಡಿನೋವಿನ ಇನ್ನಿಬ್ಬರು ಅವರ ಜೊತೆ ಕೂತರು. ಉಳಿದ ನಾಲ್ವರು ಮೇಲೆ ಹೊರಟೆವು. ಕಡಿದಾದ ಜಾಗ ಬಂದಾಗ ಜಯಮ್ಮ ಬೂಟು ಬಿಚ್ಚಿ ಸೆರಗಿಗೆ ಕಟ್ಟಿಕೊಂಡು, ಬರಿಗಾಲಿನಲ್ಲಿ, ಎರಡೂ ಕೈ ಊರಿ, ಹಲ್ಲಿಯಂತೆ ಏರಿದರು. ಹುಡುಗರು ಒಂದೂವರೆ ತಾಸಿನಲ್ಲಿ ಹತ್ತುವ ಬೆಟ್ಟಕ್ಕೆ ನಮಗೆ ನಾಲ್ಕು ತಾಸು ಹಿಡಿಯಿತು. ಆ ನಾಲ್ಕು ತಾಸಿನ ಒಂದೊಂದು ನಿಮಿಷವೂ ನನ್ನದೇ ಆಗಿತ್ತು.

ತುದಿಯಲ್ಲಿ ಬಸವಣ್ಣನ ಪುಟ್ಟ ಮಂಟಪ. ಗಾಳಿಗೆ ನಿಲ್ಲಲಾಗುತ್ತಿರಲಿಲ್ಲ. ದೂರದಲ್ಲಿ ಮಂಚನಬೆಲೆಯ ನೀರು ಹೊಳೆಯುತ್ತಿತ್ತು. ಜಯಮ್ಮ ಮಂಟಪದ ಕಂಬಕ್ಕೆ ಒರಗಿ ಮಗನಿಗೆ ಫೋನ್ ಮಾಡಿದರು. “ಬೆಟ್ಟದ್ ಮೇಲಿದೀನಿ ಕಣೋ. ಇಲ್ಲ, ಯಾರೂ ಕರ್ಕೊಂಡ್ ಬಂದಿಲ್ಲ. ನಾನೇ ನಡ್ಕೊಂಡ್ ಬಂದೆ.” ಹೇಳಿ ಮುಗಿಸಿ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನತ್ತ ತಿರುಗಿದಾಗ ಆ ಮುಖದಲ್ಲಿದ್ದುದನ್ನು ನಾನು ಮರೆಯಲಾರೆ. ನನ್ನ ಮುಖದಲ್ಲೂ ಅದೇ ಇದ್ದಿರಬೇಕು. ನಾನು ಕಳಿಸಿದ ಚಿತ್ರವನ್ನು ನನ್ನ ಗಂಡ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ತೋರಿಸಿದರಂತೆ. ಅದನ್ನು ಅವರು ನನಗೆ ಹೇಳಲಿಲ್ಲ, ನಾದಿನಿ ಹೇಳಿದಳು.

ಈಗ ಭಾನುವಾರಗಳಲ್ಲಿ ನಾವು ಇಪ್ಪತ್ತು ಜನ ಆಗುತ್ತೇವೆ. ಬಿಟಿಎಂ ಬಡಾವಣೆಯಿಂದ ಬರುವವರಿದ್ದಾರೆ, ಚೂಡಿದಾರದವರು, ಸೀರೆಯವರು, ಹತ್ತು ಹೆಜ್ಜೆಗೊಮ್ಮೆ ಕೂರುವವರು. ಊರಿನ ಅಕ್ಕತಂಗಿಯರಿಗೆ ಇದನ್ನು ಬರೆಯುವ ಕಾರಣವೂ ಇದೇ. ನಮ್ಮ ಬಯಲಿನಲ್ಲಿ ಬೆಟ್ಟವಿಲ್ಲ ಎನ್ನಬೇಡಿ. ಮನೆಯ ಹೊಸ್ತಿಲು ದಾಟುವುದೇ ಮೊದಲ ಏರು. ಕಳೆದ ದೀಪಾವಳಿಗೆ ಊರಿಗೆ ಬಂದಾಗ ನಾದಿನಿ ಮತ್ತು ಓಣಿಯ ಐವರನ್ನು ಕಟ್ಟಿಕೊಂಡು ನಸುಕಿನಲ್ಲಿ ಗೋಳಗುಮ್ಮಟದ ಸುತ್ತ ನಡೆದೆ. ಮೂರನೆಯ ದಿನ ಯಾರೂ ಕರೆಯದೆ ಅವರೇ ಬಾಗಿಲು ಬಡಿದರು. ಆದರೆ ಅಲ್ಲಿ ನನ್ನ ಮಾತು ಮೆತ್ತಗಾಗಿದೆ, ಬೆಂಗಳೂರಾಕಿ ಆಗಿದ್ದಿ ಎಂದರು. ರೊಟ್ಟಿ ತಟ್ಟುತ್ತಲೇ, ಈ ಭಾನುವಾರ ಜಯಮ್ಮನವರು ಎತ್ತ ಹೋಗಿರಬಹುದು ಎಂದು ನನ್ನ ಮನಸ್ಸು ಲೆಕ್ಕ ಹಾಕುತ್ತಿತ್ತು. ಮುಂದಿನ ವರ್ಷ ವರ್ಗಾವಣೆಯ ಸರದಿ ಬರುತ್ತದೆ. ಏನು ಬರೆದುಕೊಡಲಿ ಎಂದು ಗೊತ್ತಿಲ್ಲ.

ಕಳೆದ ಭಾನುವಾರ ತುರಹಳ್ಳಿಗೆ ಕತ್ರಿಗುಪ್ಪೆಯಿಂದ ಒಬ್ಬ ಹೊಸ ಹೆಂಗಸು ಬಂದಿದ್ದಳು. ನನ್ನ ಮಾತು ಬೇರೆ ಥರ ಕೇಳಿಸಿರಬೇಕು, ಇವರದು ಯಾವೂರು ಎಂದು ಜಯಮ್ಮನನ್ನು ಕೇಳಿದಳು.

“ಅವರಾ? ನಮ್ ಪುಟ್ಟೇನಹಳ್ಳಿಯವ್ರು” ಎಂದರು ಜಯಮ್ಮ, ತಿರುಗಿಯೂ ನೋಡದೆ.

ಎದೆ ಹಿಗ್ಗಿತು. ಅದೇ ಉಸಿರಿನಲ್ಲಿ ನನ್ನ ಬಾಯಿ, ನನ್ನನ್ನು ಕೇಳದೆಯೇ, “ವಿಜಯಪುರ್ದಾಕಿ” ಎಂದಿತು. ಹೊಸಬಳು ಗೊಂದಲದಿಂದ ನಮ್ಮಿಬ್ಬರ ಮುಖ ನೋಡಿದಳು. ಜಯಮ್ಮ ನನ್ನನ್ನು ತಿದ್ದಲಿಲ್ಲ. ನಾನೂ ಅವರನ್ನು ತಿದ್ದಲಿಲ್ಲ.