ಟೈಪಿಂಗ್ ಮೇಡಂ ಕಲಿಸಿದ ಕನ್ಸೋಲ್

ಮೇಡಂ ಅವರ ಎರಡೂ ಕಿರುಬೆರಳುಗಳು ಪಕ್ಕದ ಬೆರಳುಗಳಷ್ಟೇ ದಪ್ಪವಾಗಿದ್ದವು. ಮೂವತ್ತು ವರ್ಷ ಟೈಪ್‌ರೈಟರಿನ ಶಿಫ್ಟ್ ಕೀ ಒತ್ತಿ ಒತ್ತಿ ಹಾಗಾದದ್ದಂತೆ. ಆರ್.ಟಿ. ನಗರದಲ್ಲಿ ನಮ್ಮ ಬೀದಿಯ ಕೊನೆಗೆ, ಮೊದಲ ಮಹಡಿಯಲ್ಲಿ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಕಲಿಯುವವರು ಬರುವುದು ನಿಂತಾಗ ಅವರು ಅಳುತ್ತ ಕೂರಲಿಲ್ಲ. ಯಂತ್ರಗಳನ್ನು ಗುಜರಿಗೆ ಹಾಕಿ ಅದೇ ಮೇಜುಗಳ ಮೇಲೆ ವಿಡಿಯೋ ಗೇಮ್ ಕನ್ಸೋಲ್‌ಗಳನ್ನು ತಂದಿಟ್ಟು, ಬೀದಿಯ ಹುಡುಗರಿಗೆ ಗಂಟೆಗಿಷ್ಟೆಂದು ಆಡಲು ಕೊಡತೊಡಗಿದರು. ಬೋರ್ಡ್ ಮಾತ್ರ ಬದಲಿಸಲಿಲ್ಲ.

ಕನ್ಸೋಲ್‌ಗಳು ಎರಡು ಬಗೆಯವು. ಒಂದು ಬಿಳಿ, ಒಂದು ಕಪ್ಪು. ಒಂದೇ ಕಾಲಕ್ಕೆ ಬಂದ ಎದುರಾಳಿ ಕಂಪನಿಗಳವು. ನಾನು ಬಿಳಿಯ ಪಕ್ಷ. ಚಿತ್ರ ಯಾವುದರಲ್ಲಿ ಚೆಂದ, ಗೇಮ್ ಯಾವುದರಲ್ಲಿ ಬೇಗ ತೆರೆಯುತ್ತದೆ ಎಂದು ನಾವು ಕಿತ್ತಾಡುತ್ತಿದ್ದರೆ ಮೇಡಂಗೆ ಅದರ ಗೊಡವೆಯೇ ಇರಲಿಲ್ಲ.

"ಹೊಟ್ಟೆ ಒಳಗೆ ಎರಡೂ ಒಂದೇ ಕಣ್ರೋ. ವ್ಯತ್ಯಾಸ ಇರೋದು ಬೆರಳಿಗೆ," ಎನ್ನುತ್ತಿದ್ದರು.

ವಾರಕ್ಕೊಮ್ಮೆ ಎಲ್ಲರೂ ಮೇಜು ಬದಲಿಸಬೇಕೆಂಬುದು ಟೈಪಿಂಗ್ ಕಾಲದ ನಿಯಮ. ಒಂದೇ ಯಂತ್ರಕ್ಕೆ ಒಗ್ಗಿಹೋದವರು ಪರೀಕ್ಷೆಯ ದಿನ ಬೇರೆ ಕಂಪನಿಯದು ಸಿಕ್ಕಿ ಫೇಲಾದದ್ದನ್ನು ಅವರು ಕಂಡಿದ್ದರು. ಕಪ್ಪಿನ ವಾರ ಬಂದಾಗಲೆಲ್ಲ ನಾನು ತಲೆನೋವೆಂದು ತಪ್ಪಿಸಿಕೊಳ್ಳುತ್ತಿದ್ದೆ.

ಡಿಗ್ರಿ ಮುಗಿದು ಎರಡು ವರ್ಷ ನನಗೆ ಕೆಲಸವಿರಲಿಲ್ಲ. ಅಪ್ಪ ಬೈಯುವುದನ್ನೂ ಬಿಟ್ಟಿದ್ದರು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ಆಗ ಹೆಬ್ಬಾಳದ ಕಚೇರಿಯೊಂದು ಗೇಮ್ ಆಡಿ ತಪ್ಪು ಹುಡುಕುವ ಕೆಲಸಕ್ಕೆ ಕರೆಯಿತು. ಪರೀಕ್ಷೆಗೆ ಕೊಟ್ಟದ್ದು ಕಪ್ಪು. ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರಿನಲ್ಲಿ ಆಟಗಾರನನ್ನು ನಡೆಸುವುದು ಎಡಗಡೆಯ ಸ್ಟಿಕ್; ಬಿಳಿಯದರಲ್ಲಿ ಅದು ಕೆಳಗಿರುತ್ತದೆ, ಕಪ್ಪಿನದರಲ್ಲಿ ಮೇಲಿರುತ್ತದೆ. ನನ್ನ ಹೆಬ್ಬೆರಳು ಪ್ರತಿ ಸಲವೂ ಕೆಳಕ್ಕೇ ಹೋಯಿತು. ಪರದೆಯ ಮೇಲಿನ ಸೈನಿಕ ಗೋಡೆಗೆ ಮುಖ ಮಾಡಿ ನಿಂತೇ ಇದ್ದ. ಹತ್ತು ನಿಮಿಷಕ್ಕೆ ನನ್ನನ್ನು ಕಳಿಸಿಬಿಟ್ಟರು.

"ಯಾವ್ದು ಕೊಟ್ರು?" ಎಂದರು ಮೇಡಂ.

"ಕರೀದು."

"ನಾಳೆ ಬೆಳಗ್ಗೆ ಒಂಬತ್ತಕ್ಕೆ ಬಾ."

"ಅದ್ರಲ್ಲಿ ಆಡೋಕಾಗಲ್ಲ ಮೇಡಂ."

"ಆಡೋಕ್ಯಾರು ಕರೆದ್ರು? ಕಲಿಯೋಕೆ ಬಾ."

ಮೂರು ತಿಂಗಳು, ಅಂಗಡಿ ತೆರೆಯುವ ಮುನ್ನ ಒಂದು ಗಂಟೆ. ನನ್ನ ಕೈಗಳ ಮೇಲೆ ಟವಲ್ ಹೊದಿಸುತ್ತಿದ್ದರು. ಟೈಪಿಂಗ್ ಕಲಿಸುವಾಗಲೂ ಹೀಗೇ ಕೀಗಳನ್ನು ಮುಚ್ಚುತ್ತಿದ್ದರಂತೆ.

"ಕೈ ನೋಡ್ಬೇಡ. ನೋಡಿದ್ರೆ ಬೆರಳು ಸೋಮಾರಿ ಆಗುತ್ತೆ."

ಆಟವಾಡಲು ಬಿಡುತ್ತಲೇ ಇರಲಿಲ್ಲ. ಎಡ, ಬಲ, ಹಿಂದೆ, ಮುಂದೆ ಎಂದು ಅವರು ಹೇಳಿದಂತೆ ಸೈನಿಕನನ್ನು ನಡೆಸಬೇಕು. ತಪ್ಪಿದರೆ ಸ್ಕೇಲಿನಿಂದ ಮೇಜಿಗೆ ಒಂದು ಪೆಟ್ಟು. ಇಪ್ಪತ್ತನಾಲ್ಕು ವರ್ಷದವನಿಗೆ ಇದು ಅವಮಾನವೇ. ಆದರೂ ಹೋದೆ. ಬೆಳಗ್ಗೆ ಎದ್ದರೆ ನನಗಾಗಿ ಕಾಯುವವರು ಒಬ್ಬರಾದರೂ ಇದ್ದರಲ್ಲ.

ಅದೇ ಕಚೇರಿ ಮತ್ತೆ ಕರೆದ ವಾರ ಮೇಡಂ ಹೃದಯದ ತೊಂದರೆಯಿಂದ ಆಸ್ಪತ್ರೆ ಸೇರಿದ್ದರು. ಕೆಲಸ ಸಿಕ್ಕಿತೆಂದು ಹೇಳಲು ನೇರ ಅಲ್ಲಿಗೇ ಹೋದೆ.

"ಯಾವ್ದು ಕೊಟ್ರು?"

ಸುಳ್ಳು ಹೇಳೋಣವೆನಿಸಿತು, ಬಾಯಿ ಬರಲಿಲ್ಲ. "ಬಿಳೀದು, ಮೇಡಂ."

ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಮೂರು ತಿಂಗ್ಳು ನೀರಲ್ಲಿ ಹೋಮ ಮಾಡ್ದಂಗಾಯ್ತಲ್ಲೋ."

ನಾನೂ ನಕ್ಕು ಬಂದೆ. ನಾಲ್ಕನೆಯ ದಿನ ಅವರು ತೀರಿಕೊಂಡರು.

ಅದರ ಮುಂದಿನ ಸೋಮವಾರ ಕೆಲಸಕ್ಕೆ ಸೇರಿದೆ. ನನ್ನ ಮೇಜಿನ ಮೇಲೆ ಬಿಳಿ, ಕಪ್ಪು ಎರಡೂ ಇದ್ದವು. ಒಂದೇ ಗೇಮನ್ನು ಎರಡರಲ್ಲೂ ಆಡಿ ವ್ಯತ್ಯಾಸ ಬರೆಯುವುದೇ ನನ್ನ ಕೆಲಸ, ಇವತ್ತಿಗೂ. ಯಾವುದೂ ದಂಡವಾಗಲಿಲ್ಲ ಮೇಡಂ ಎಂದು ಹೇಳಲು ನನಗೆ ಒಂದು ವಾರ ಹೆಚ್ಚು ಸಿಕ್ಕಿದ್ದರೆ ಸಾಕಿತ್ತು.