ಅತ್ತೆಯ ಬೈತಲೆ

ನನ್ನ ಅತ್ತೆಯ ಬೈತಲೆ ಹಣೆಯ ಬಳಿ ದಾರದಷ್ಟು ತೆಳ್ಳಗೆ ಹೊರಟು, ನೆತ್ತಿ ಮುಟ್ಟುವಷ್ಟರಲ್ಲಿ ಮೂರು ಬೆರಳು ಅಗಲವಾಗುತ್ತಿತ್ತು. ಹಣೆಯಂಚಿನ ಸಾಲು ಮಾತ್ರ ಬೇಲಿಯಂತೆ ನಿಂತಿತ್ತು. ಎದುರಿನಿಂದ ನೋಡಿದವರಿಗೆ ಅನುಮಾನ ಬರುವಂತಿರಲಿಲ್ಲ. ಹಾಗಾಗಿ ಯಾರೂ ತಮ್ಮ ಹಿಂದೆ ನಿಲ್ಲದಂತೆ ಅವರು ನೋಡಿಕೊಳ್ಳುತ್ತಿದ್ದರು. ಬಸ್ಸಿನಲ್ಲಿ ಕಟ್ಟಕಡೆಯ ಸೀಟೇ ಆಗಬೇಕು. ಮಲ್ಲಿಗೆಯನ್ನು ಎಲ್ಲರಂತೆ ತುರುಬಿಗೆ ಮುಡಿಯದೆ ನೆತ್ತಿಗೆ ಅಡ್ಡವಾಗಿ ಏರಿಸುತ್ತಿದ್ದರು. ದೇವರಿಗೆ ತಲೆಬಾಗುವಾಗಲೂ ಒಂದು ಕೈ ಅಲ್ಲಿಗೆ ಹೋಗುತ್ತಿತ್ತು.

ಮಾವನದು ಬೇರೆಯೇ ಕತೆ. ಅವರ ತಲೆಯಲ್ಲಿ ಕಿವಿಯಿಂದ ಕಿವಿಗೆ ಹಿಂಬದಿಯಲ್ಲಿ ಒಂದು ಅರ್ಧಚಂದ್ರ ಮಾತ್ರ ಉಳಿದಿತ್ತು. ಅದನ್ನವರು ಜಗಲಿಯಲ್ಲಿ ಕುಳಿತು, ಹೋಗಿಬರುವವರ ಎದುರಿಗೇ ಎಣ್ಣೆ ತಿಕ್ಕಿ ಹೊಳೆಯಿಸುತ್ತಿದ್ದರು. "ಬುದ್ಧಿ ಹೆಚ್ಚಾದರೆ ಕೂದಲಿಗೆ ಜಾಗ ಎಲ್ಲುಂಟು ಮಾರಾಯ?" ಎಂದು ನಗುತ್ತಿದ್ದರು. ಗಂಡಸು ಬೋಳಾದರೆ ತಮಾಷೆ, ಹೆಂಗಸಿನ ಬೈತಲೆ ಅಗಲವಾದರೆ ತನಿಖೆ.

ಆ ತನಿಖೆಯನ್ನು ಅತ್ತೆ ತಾವೇ ನಡೆಸುತ್ತಿದ್ದರು. ನಾನು ಅಲೆವೂರಿನಿಂದ ಕಾಪುವಿನ ಆ ಮನೆಗೆ ಸೊಸೆಯಾಗಿ ಬಂದದ್ದು ಐವತ್ತರ ದಶಕದ ನಡುವಿನಲ್ಲಿ. ಆಗಲೇ ಬಾವಿಯ ಉಪ್ಪುನೀರು, ಗಾಣದವನ ಎಣ್ಣೆ, ಹಿಂದೊಮ್ಮೆ "ಎಂಥ ಕೂದಲು ನಿಮ್ಮದು!" ಎಂದಿದ್ದ ನೆರೆಮನೆಯಾಕೆ, ಎಲ್ಲರ ಮೇಲೂ ಆರೋಪಗಳಿದ್ದವು. ಬಂದ ವಾರವೇ ನನ್ನ ಬಾಚಣಿಗೆ ಬೇರೆ ಗೂಡಿಗೆ ಹೋಯಿತು. ನಾನೂ ಹುಟ್ಟಾ ಪುಕ್ಕಲಿ. ಅವರು ಕೊಟ್ಟ ಎಣ್ಣೆಯನ್ನು ಮೂಸಿ ನೋಡದೆ ತಲೆಗೆ ಹಚ್ಚುತ್ತಿರಲಿಲ್ಲ. ಈ ವಿಷಯದಲ್ಲಿ ನಮ್ಮಿಬ್ಬರಿಗೆ ಒಳ್ಳೆಯ ಹೊಂದಾಣಿಕೆ ಇತ್ತು.

ನಿಜವಾದ ಗಾಬರಿ ಶುರುವಾದದ್ದು ನಾದಿನಿಯ ಬೈತಲೆಯೂ ಅದೇ ದಾರಿ ಹಿಡಿದಾಗ. ಇಪ್ಪತ್ತು ದಾಟಿದ ಹುಡುಗಿ, ಸಂಬಂಧಗಳು ಬರತೊಡಗಿದ್ದವು. ಹೆಣ್ಣು ನೋಡಲು ಬಂದ ಹೆಂಗಸರು ಹುಡುಗಿಯನ್ನು ಒಳಗೆ ಕರೆದು, ಪ್ರೀತಿಯ ನೆಪದಲ್ಲಿ ಜಡೆ ಬಿಚ್ಚಿ ನೋಡುತ್ತಿದ್ದ ಕಾಲ ಅದು. ಕೂದಲು ಕಡಿಮೆ ಕಂಡರೆ, ಒಳಗೆ ಏನೋ ಕಾಯಿಲೆ ಇದೆ ಎಂದೇ ಲೆಕ್ಕ.

ಅತ್ತೆ ನಮ್ಮಿಬ್ಬರನ್ನೂ ಹೊರಡಿಸಿಕೊಂಡು ಉಡುಪಿಯ ಒಬ್ಬ ಡಾಕ್ಟರರ ಬಳಿಗೆ ಹೋದರು. ಡಾಕ್ಟರು ತಾಯಿ-ಮಗಳಿಬ್ಬರ ನೆತ್ತಿಯನ್ನೂ ನೋಡಿದರು. "ಇದು ರೋಗ ಅಲ್ಲಮ್ಮ, ಮನೆತನದಲ್ಲಿ ಬರುವಂಥದ್ದು. ಗಂಡಸರಿಗೆ ಹಣೆಯ ಎರಡು ಮೂಲೆ ಮೊದಲು ಹೋಗ್ತದೆ, ಮತ್ತೆ ನೆತ್ತಿ. ಕೊನೆಗೆ ಎರಡೂ ಕೂಡಿಕೊಳ್ತದೆ. ಹೆಂಗಸರಿಗೆ ಮುಂದಿನ ಸಾಲು ಉಳೀತದೆ, ನಡುವಿನಲ್ಲಿ ತೆಳ್ಳಗಾಗ್ತದೆ. ಪೂರ್ತಿ ಬೋಳಾಗುವುದು ಅಪರೂಪ" ಎಂದರು. ಮದ್ದು ಕೊಡಲಿಲ್ಲ.

ಮೆಟ್ಟಿಲು ಇಳಿಯುವಾಗಲೇ ಅತ್ತೆ ನನ್ನ ಕಿವಿಯಲ್ಲಿ, "ಅವರ ತಲೆ ನೋಡಿದೆಯಾ? ತನ್ನದನ್ನೇ ಉಳಿಸಿಕೊಳ್ಳಲಿಕ್ಕೆ ಆಗಲಿಲ್ಲ. ನಂಬಬೇಡ" ಎಂದರು. ಪೇಟೆಯಲ್ಲಿ ಒಂದು ಚೌರಿ ಕೊಂಡು, ಆ ಕೂದಲ ಗೊಂಚಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ತಂದರು.

ಕಾರ್ಕಳದ ಕಡೆಯವರು ಬಂದ ದಿನ ಆ ಚೌರಿಯನ್ನು ಸೇರಿಸಿ ನಾದಿನಿಗೆ ಜಡೆ ಹೆಣೆದವಳು ನಾನು. ಹುಡುಗ ಶಾಲೆಯ ಮೇಷ್ಟ್ರು, ಕೋಟು, ಕಪ್ಪು ಟೋಪಿ. ಕಾಫಿ ಕುಡಿದು, ಬೆವರು ಒರೆಸಿಕೊಂಡರೂ ಟೋಪಿ ತೆಗೆಯಲಿಲ್ಲ. ಬಾಗಿಲ ಮರೆಯಲ್ಲಿ ಅತ್ತೆ ನನ್ನ ಕೈ ಹಿಂಡಿದರು. "ಈ ಸೆಕೆಯಲ್ಲಿ ಟೋಪಿ ಯಾಕೆ? ಎಂತದೋ ಉಂಟು."

ಅಷ್ಟರಲ್ಲಿ ಹುಡುಗನ ಚಿಕ್ಕಮ್ಮ ಒಳಗೆ ಬಂದು ನಾದಿನಿಯ ಪಕ್ಕ ಕುಳಿತರು. "ಚಂದದ ಜಡೆ. ಒಮ್ಮೆ ಬಿಚ್ಚಿ ನೋಡುವ, ಅಲ್ವಾ?"

ನಾದಿನಿಯ ಮುಖ ಬಿಳಿಚಿತು. ಹೊತ್ತು ಮುಳುಗುವ ಮೊದಲು ಸುದ್ದಿ ಕಾರ್ಕಳ ಸೇರಿ ಹೆಬ್ರಿಗೂ ಮುಟ್ಟಿದಂತೆಯೇ ನನಗೆ ಕಂಡಿತು.

ಅತ್ತೆ ಮುಂದೆ ಬಂದು ತಾವೇ ಜಡೆ ಬಿಚ್ಚಿದರು. ಚೌರಿಯನ್ನು ಎಳೆದು ಚಿಕ್ಕಮ್ಮನ ಮಡಿಲಲ್ಲಿಟ್ಟರು. "ಇದು ಪೇಟೆಯದ್ದು. ಉಳಿದದ್ದು ಅವಳದ್ದು." ಆಮೇಲೆ ತಮ್ಮ ಮಲ್ಲಿಗೆ ತೆಗೆದು ತಲೆ ಬಗ್ಗಿಸಿದರು. "ಎಲ್ಲಿಂದ ಬಂತು ಅಂತ ಇಲ್ಲಿ ನೋಡಿ."

"ಏನಾದರೂ ಕಾಯಿಲೆ..." ಎಂದು ಚಿಕ್ಕಮ್ಮ ರಾಗ ಎಳೆದರು.

"ಎಂತ ಕಾಯಿಲೆ? ಗಂಡಸರಿಗೆ ಮುಂದಿನಿಂದ ಹೋಗ್ತದೆ, ಹೆಂಗಸರಿಗೆ ನಡುವಿನಿಂದ. ಮನೆತನದಲ್ಲಿ ಬರುವಂಥದ್ದು." ಆ ಡಾಕ್ಟರರ ಮಾತನ್ನು ತಮ್ಮ ಅಜ್ಜಿ ಹೇಳಿಕೊಟ್ಟದ್ದೋ ಎಂಬಂತೆ ಹೇಳಿದರು. "ಇನ್ನು ನಿಮ್ಮ ಹುಡುಗನ ಟೋಪಿ ಒಮ್ಮೆ ತೆಗೆಸಿ ನೋಡುವ, ಅಲ್ವಾ?"

ಹೊರಗೆ ಎಲ್ಲ ಕೇಳಿಸಿತ್ತು. ಮೇಷ್ಟ್ರು ಎದ್ದು ಬಾಗಿಲ ಬಳಿ ಬಂದು ಟೋಪಿ ತೆಗೆದರು. ಹಣೆಯ ಎರಡು ಮೂಲೆ ಹಿಂದಕ್ಕೆ ಸರಿದು, ನಡುವೆ ಒಂದು ಕುಚ್ಚು ಮಾತ್ರ ದ್ವೀಪದಂತೆ ಉಳಿದಿತ್ತು. "ನನ್ನದೂ ಇಷ್ಟೇ ಅಮ್ಮ" ಎಂದರು. ಮೊದಲು ನಕ್ಕವಳು ನಾದಿನಿ. ಜಗಲಿಯಿಂದ ಮಾವ, "ಬನ್ನಿ ಮೇಷ್ಟ್ರೇ, ನನ್ನ ಪಕ್ಕ ಕೂತುಕೊಳ್ಳಿ!" ಎಂದು ಕೂಗಿದರು.

ಅವರು ಒಪ್ಪಿ ಹೋದ ಮೇಲೆ, "ಅಷ್ಟು ಧೈರ್ಯ ಹೇಗೆ ಬಂತು ಅತ್ತೆ?" ಎಂದು ಕೇಳಿದೆ.

"ಧೈರ್ಯ ಎಂತದ್ದು? ನನಗೆ ಅವರ ಮೇಲೆ ನಂಬಿಕೆ ಇರಲಿಲ್ಲ. ಮದುವೆ ಆದ ಮೇಲೆ ಗೊತ್ತಾದರೆ ಮಗಳು ವಾಪಸ್ಸು ಬರ್ತಾಳೆ. ಈಗ ಗೊತ್ತಾದರೆ ಅವರು ಮಾತ್ರ ವಾಪಸ್ಸು ಹೋಗ್ತಾರೆ."

ಮದುವೆ ಚೆನ್ನಾಗಿಯೇ ನಡೆಯಿತು. ಅತ್ತೆಗೆ ಸಮಾಧಾನವಾಯಿತೆಂದು ಮಾತ್ರ ಹೇಳಲಾರೆ. ಆ ಚಿಕ್ಕಮ್ಮ ಅಷ್ಟು ಬೇಗ ಸುಮ್ಮನಾದದ್ದೇ ಅವರಿಗೆ ಸಂಶಯ. ಅರವತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ಅವರು ಹಾಸಿಗೆ ಹಿಡಿದರು. ನಾದಿನಿ ಎರಡು ಮಕ್ಕಳನ್ನು ಕಟ್ಟಿಕೊಂಡು ಕಾರ್ಕಳದಿಂದ ಬಂದಳು. ಅತ್ತೆ ಅವಳನ್ನು ಹತ್ತಿರ ಕರೆದು, "ತಲೆಯ ವಿಷಯ ಅಲ್ಲಿ ಯಾರಾದರೂ ಎಂತಾದರೂ ಹೇಳ್ತಾರಾ?" ಎಂದರು.

"ಇಲ್ಲಮ್ಮ."

ಅತ್ತೆ ನಂಬಲಿಲ್ಲ. ಅವಳು ನೀರು ತರಲು ಹೋದಾಗ ನನ್ನ ಕಡೆ ತಿರುಗಿದರು. "ಇವಳು ಹೇಳುವವಳಲ್ಲ. ನೀನು ವಿಚಾರಿಸ್ತಾ ಇರು." ಮತ್ತೆರಡು ದಿನಕ್ಕೆ ಹೋಗಿಬಿಟ್ಟರು.

ಮನೆಯಲ್ಲಿ ಗಂಡುಮಕ್ಕಳಿದ್ದರು, ಮಾವ ಇದ್ದರು. ಈ ಕೆಲಸವನ್ನು ನನಗೇ ವಹಿಸಿದರಲ್ಲ ಎಂಬ ಹೆಮ್ಮೆ ಈ ನಡುವಯಸ್ಸಿನಲ್ಲೂ ನನಗಿದೆ. ಕಾರ್ಕಳಕ್ಕೆ ಹೋದಾಗಲೆಲ್ಲ ನಾದಿನಿಯನ್ನು ಅಡುಗೆಮನೆಯ ಮೂಲೆಗೆ ಕರೆದು, ದನಿ ತಗ್ಗಿಸಿ ಕೇಳುತ್ತೇನೆ. "ಯಾರೂ ಎಂತ ಹೇಳುವುದಿಲ್ಲ ಅತ್ತಿಗೆ, ನಾನು ಚೆನ್ನಾಗಿದ್ದೇನೆ" ಎಂದು ಅವಳು ನಗುತ್ತಾಳೆ.

ನಾನು ನಂಬುವುದಿಲ್ಲ.